ಸಬ್ಬಸಗಿ ಬಾಣಂತಿಗೆ ಅಷ್ಟಽ ಯಾಕ್ರಿ?

ನಮಸ್ಕಾರ್ರಿ. ಬೆಳಗಾವಿ ಗಣಪತ ಗಲ್ಲಿಯೊಳಗ ಒಮ್ಮೆಲೇ ನಾಕು ಸೂಡು ಸಬ್ಬಸಗಿ ಕೊಂಡು ನೋಡ್ರಿ. ತಪ್ಪಲಾ ಮಾರೋ ಅವ್ವಾರು ಕೇಳೂದು ಒಂದಽ ಮಾತು: "ಮನ್ಯಾಗ ಬಾಣಂತಿ ಅದಾರೇನವಾ?" ಮರಾಠಿಯೊಳಗ ಶೇಪೂ ಅಂತ ಕೇಳಿದ್ರೂ ಅದಽ ಪ್ರಶ್ನೆ. ಇವತ್ತಿನ ನನ್ನ ತಕರಾರು ಈ ಹಣೆಪಟ್ಟಿ ಮ್ಯಾಲೆ.

ಹಂಗಂತ ಹಿರ್‍ಯಾರ ನಂಬಿಕಿಗೆ ನಾ ನಗಂಗಿಲ್ಲ. ಬಾಣಂತಿ ತಾಟಿನ ಕಟ್ಟಳಿ ನಿಮಗ ಗೊತ್ತೈತಿ. ಬದನಿಕಾಯಿ ನಂಜು, ಬಟಾಟಿ ವಾಯು, ಸೌತಿಕಾಯಿ ತಂಪು, ಮಸರು ಅಂತೂ ಬ್ಯಾಡೇ ಬ್ಯಾಡ. ಕುಡಿಯೋ ನೀರು ಸೈತ ಅಳದು ಕೊಡೋ ಮನಿ ಅದಾವು. ಇಷ್ಟೆಲ್ಲಾ ಬ್ಯಾಡಂದ ಮ್ಯಾಲೂ ಒಳಗ ಬಿಟ್ಟ ತಪ್ಪಲಾ ಅಂದ್ರ ಸಬ್ಬಸಗಿ. ಉಷ್ಣ, ವಾಯು ಕಳೀತೈತಿ, ಎದಿಹಾಲು ಹೆಚ್ಚಸ್ತೈತಿ ಅಂತ. ಆ ನಂಬಿಕಿ ಇರದಿದ್ರ ಎಷ್ಟೋ ಮನ್ಯಾಗ ಹಸರು ತಪ್ಪಲಾನಽ ಆಕಿ ತಾಟಿಗೆ ಬರ್ತಿರಲಿಲ್ಲ.

ಮಾಡೂದೂ ಎಷ್ಟು ಚಂದ! ಎಳೀ ಸಬ್ಬಸಗಿ ಸಣ್ಣಗ ಹೆಚ್ಚಿ, ನೆನಸಿದ ಹೆಸರಬ್ಯಾಳಿ ಕೂಡಿಸಿ, ಬಳ್ಳೊಳ್ಳಿ ಜಜ್ಜಿ ಒಗ್ಗರಣಿ. ಖಾರ ಕಡಿಮಿ. ಜೋಡಿಗೆ ಬಿಸಿ ಜ್ವಾಳದ ರೊಟ್ಟಿ. ಊಟ ಆದ ಮ್ಯಾಲೆ ಬಾಳಂತಶೇಪ, ಅಂದ್ರ ಇದರದಽ ಬೀಜ. ಅಜವಾನ, ಎಳ್ಳು, ಒಣಕೊಬ್ಬರಿ ಜೋಡಿ ಹುರದು, ಚೂರು ಉಪ್ಪು ಹಾಕಿ ಡಬ್ಬಿ ತುಂಬಿ ಇಟ್ಟಿರ್ತಾರ. ಅಂಟಿನುಂಡಿ, ಅಳ್ವಿ ಪಾಯಸ ಬ್ಯಾರೆ. ಬಾಣಂತಿ ಅಂತ ಕಟ್ಟಿದ್ದ ಡಬ್ಬಿಗೆ ಮನೀ ಮಂದಿಯೆಲ್ಲಾ ಕೈ ಹಾಕ್ತಾರ, ಅದು ಬ್ಯಾರೆ ಮಾತು.

ಇದು ನಮ್ಮದಷ್ಟಽ ನಂಬಿಕಿ ಅಲ್ಲ. ಕಾಶ್ಯಪ ಸಂಹಿತೆ ಅಂದ್ರ ತಾಯಿ-ಮಕ್ಕಳ ಆರೈಕಿ ಹೇಳೋ ಹಳೇ ಆಯುರ್ವೇದ ಗ್ರಂಥ. ಅದರಾಗ ಶತಪುಷ್ಪ, ಶತಾವರಿ ಎರಡಕ್ಕೂ ಕೂಡಿ ಒಂದು ಅಧ್ಯಾಯಾನಽ ಐತಿ. ಶತಪುಷ್ಪ ಅಂದ್ರ ಇದಽ ಸಬ್ಬಸಗಿ. ಅತ್ತ ಇಂಗ್ಲೆಂಡಿನ ಹಳೇ ಮಂದಿ ಸಬ್ಬಸಗಿ ಇದ್ದಲ್ಲಿ ಮಾಟಗಾತ್ಯಾರ ಆಟ ನಡಿಯಂಗಿಲ್ಲ ಅಂತಿದ್ರು. ನಾವು ಬಾಣಂತಿ ಕ್ವಾಣಿ ಬಾಗಿಲಿಗೆ ಬೇವಿನ ತಪ್ಪಲಾ ಸಿಗಸ್ತೀವಿ, ಸಬ್ಬಸಗಿ ಹೊಟ್ಟಿಗೆ ಹಾಕ್ತೀವಿ. ನಮ್ಮದಽ ಛಲೋ ಅನಸ್ತೈತಿ ನನಗ.

ಮತ್ತ ಗ್ರೈಪ್ ವಾಟರ್? 1851ರಾಗ ನಾಟಿಂಗ್‌ಹ್ಯಾಮ್ ಊರಾಗ ವಿಲಿಯಂ ವುಡ್‌ವರ್ಡ್ ಅನ್ನಾಂವ ಅದನ್ನ ಮಾಡಿದಾಗ ಒಳಗ ಇದ್ದದ್ದು ಸಬ್ಬಸಗಿ ಎಣ್ಣಿ, ಸೋಡಾ, ಸಕ್ಕರಿ. ಜೋಡಿಗೆ ಆಲ್ಕೋಹಾಲೂ ಇತ್ತು! ಕೂಸು ಸುಮ್ಮನಾಗಿದ್ದು ಯಾವುದರ ಗುಣಕ್ಕ ಅಂತ ನೀವಽ ಹೇಳ್ರಿ. ಈಗಂತೂ ವಿಶ್ವ ಆರೋಗ್ಯ ಸಂಸ್ಥೆ ಮಾತು ಸ್ಪಷ್ಟ ಐತಿ: 6 ತಿಂಗಳ ತನಕ ತಾಯಿಹಾಲು ಬಿಟ್ಟು ನೀರೂ ಬ್ಯಾಡ. ಸಬ್ಬಸಗಿ ಬೀಜ ಕುದಿಸಿದ ನೀರು ಕೂಸಿನ ಬಾಯಿಗೆ ಬಿಡೋ ಆಯಿಗೋಳು ಇದನ್ನಷ್ಟು ಕೇಳಸ್ಕೋರಿ.

ಈಗ ನನ್ನ ಸಿಟ್ಟಿನ ಮಾತು. ಹಾಲು ಸಾಲವಲ್ದು ಅಂದಕೂಡ್ಲೇ ಅತ್ತಿ, ನೆಗೆಣ್ಣಿ, ಬಾಜೂ ಮನಿಯಾಕಿ, ಎಲ್ಲಾರದೂ ಒಂದಽ ತೀರ್ಪು: "ಆಕಿ ಸಬ್ಬಸಗಿ ಸರಿಯಾಗಿ ತಿನ್ನಂಗಿಲ್ಲ ನೋಡು." ಹಾಲು ಹೆಚ್ಚಾಗೂದು ಕೂಸು ಎಷ್ಟು ಸಲ, ಹೆಂಗ ಚೀಪತೈತಿ ಅನ್ನೂದರ ಮ್ಯಾಲೆ. ಚೀಪಿದಂಗೆಲ್ಲಾ ತಾಯಿ ಮೈಯಾಗ ಪ್ರೊಲ್ಯಾಕ್ಟಿನ್, ಅಂದ್ರ ಹಾಲು ತಯಾರು ಮಾಡಸೋ ಹಾರ್ಮೋನು, ಏರತೈತಿ. ರಾತ್ರಿ ಅದು ಇನ್ನೂ ಹೆಚ್ಚು. ಅಂದ್ರ ರಾತ್ರಿಯೆಲ್ಲಾ ಎದ್ದು ಕುಂಡ್ರೂವಾಕಿಗೆ ಹಗಲಿಗೆ ನಿದ್ದಿ ಬೇಕು, ಹೊಟ್ಟಿತುಂಬ ಊಟ ಬೇಕು, ಬಾಯಾರಿದಾಗ ನೀರು ಬೇಕು. ಅರಿವಿ ತೊಳಿಯೋ ಕೈ ಬೇಕು. ಎರಡು ಸೂಡು ತಪ್ಪಲಾ ತಂದು ಒಗದು, ನಮ್ಮ ಕೆಲಸ ಮುಗೀತು ಅಂದ್ರ ಹೆಂಗ್ರಿ? ತಪ್ಪಲಾ ತನ್ನ ಕೆಲಸ ಮಾಡತೈತಿ, ಮನೀ ಮಂದಿದು ಮಾಡಂಗಿಲ್ಲ.

ಇನ್ನ ಗಂಡಸ್ರು. ಬಾಣಂತಿ ಪಲ್ಯ ಅಂತ ಹೇಳಿ ಬಡಿಸಿದ್ರ "ವಾಸನಿ" ಅಂತ ತಾಟು ಸರಸ್ತಾರ. ಅದಽ ಸಬ್ಬಸಗಿ ಜ್ವಾಳದ ಹಿಟ್ಟಿನಾಗ ಕಲಸಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿ ತಾಲಿಪೆಟ್ಟು ಬಡೀರಿ. ಏನು ಹಾಕೀರಿ ಅಂತ ಮಾತ್ರ ಹೇಳಬ್ಯಾಡ್ರಿ. ಮೂರನೇದ್ದು ಕೇಳ್ತಾರ.