ಗೇರ್ ಆಯಿಲ್ ನೀವೇ ಬದಲಾಯಿಸಬಹುದು, ಬನ್ನಿ

[ದೃಶ್ಯ: ಮನೆ ಮುಂದೆ ನಿಂತ ಚಿಕ್ಕ ಕಾರು. ಗೇರ್ ಹಾಕುತ್ತಿರುವ ಕೈ.]

ನಮಸ್ಕಾರ. ಎಂಜಿನ್ ಆಯಿಲ್ ಬಗ್ಗೆ ಎಲ್ಲರಿಗೂ ಗೊತ್ತು. ಗೇರ್‌ಬಾಕ್ಸ್ ಒಳಗೂ ಬೇರೆಯದೇ ಒಂದು ಆಯಿಲ್ ಇರುತ್ತದೆ, ಅದನ್ನು ನಾವು ನೆನಪಿಸಿಕೊಳ್ಳುವುದೇ ಇಲ್ಲ ಅಲ್ವಾ? ಇವತ್ತು ಅದನ್ನು ಬದಲಾಯಿಸೋಣ. ಮೊದಲ ಸಲ ಮಾಡುವವರಿಗೆ ಭಯ ಇರುತ್ತದೆ, ನನಗೂ ಇತ್ತು. ಆದರೆ ಇಲ್ಲಿ ಬಿಚ್ಚಬೇಕಾದ ಬೋಲ್ಟ್ ಎರಡೇ ಎರಡು.

ನಾನು ಹೇಳುತ್ತಿರುವುದು ಕ್ಲಚ್ ಇರುವ ಮ್ಯಾನುಯಲ್ ಗಾಡಿಗೆ ಮಾತ್ರ. ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಬಿಸಿ ಎಷ್ಟಿದೆ ಅಂತ ಅಳೆದು ಮಟ್ಟ ನೋಡಬೇಕಾಗುತ್ತದೆ. ಹೊಸಬರು ಅದನ್ನು ಮೆಕ್ಯಾನಿಕ್‌ಗೆ ಬಿಡಿ.

[ದೃಶ್ಯ: ಆಯಿಲ್ ಡಬ್ಬಿಯ ಲೇಬಲ್, ಹತ್ತಿರದಿಂದ.]

ಅಂಗಡಿಗೆ ಹೋಗುವ ಮುಂಚೆ ಗಾಡಿಯ ಪುಸ್ತಕ ತೆಗೆಯಿರಿ. 75ಡಬ್ಲ್ಯೂ-80 ಅಥವಾ 75ಡಬ್ಲ್ಯೂ-90 ಅಂತ ಏನೋ ಒಂದು ಬರೆದಿರುತ್ತದೆ. ಅದು ಆಯಿಲ್‌ನ ಮಂದ. ಪಕ್ಕದಲ್ಲಿ ಆಯಿಲ್‌ನ ದರ್ಜೆ ಜಿಎಲ್-4 ಅಂತ ಇದ್ದರೆ ಜಿಎಲ್-4 ಅನ್ನೇ ಕೇಳಿ. "ಜಿಎಲ್-5 ಇನ್ನೂ ಒಳ್ಳೇದು ಸಾರ್" ಅಂದರೆ ಒಪ್ಪಬೇಡಿ. ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊನೈಸರ್ ರಿಂಗ್‌ಗಳು ಹೆಚ್ಚಾಗಿ ಹಿತ್ತಾಳೆಯವು. ಜಿಎಲ್-5ರಲ್ಲಿ ಗಂಧಕದ ಅಂಶ ಜಾಸ್ತಿ, ಅದು ಆ ಹಿತ್ತಾಳೆಯನ್ನು ತಿನ್ನಬಹುದು. ಚಿಕ್ಕ ಕಾರಿಗೆ ಹೆಚ್ಚುಕಡಿಮೆ 2 ಲೀಟರ್ ಹಿಡಿಯುತ್ತದೆ, ಸರಿಯಾದ ಅಳತೆ ಪುಸ್ತಕದಲ್ಲೇ ಇದೆ. ಜೊತೆಗೆ ಎರಡು ಹೊಸ ವಾಷರ್, ಒಂದು ಆಲಿಕೆ, ಒಂದು ಮೀಟರ್ ಪೈಪು.

ಐದಾರು ಕಿಲೋಮೀಟರ್ ಓಡಿಸಿ ಬನ್ನಿ. ಆಯಿಲ್ ಬೆಚ್ಚಗಾದರೆ ಚೆನ್ನಾಗಿ ಇಳಿಯುತ್ತದೆ.

ಈಗ ಗಾಡಿ ಎತ್ತುವುದು. ಇಲ್ಲಿ ದಯವಿಟ್ಟು ಅವಸರ ಬೇಡ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಕೂಡ ಬೇಡ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಗಟ್ಟಿ ನೆಲದ ಮೇಲೆ ನಾಲ್ಕೂ ಕಡೆ ಜಾಕ್ ಸ್ಟ್ಯಾಂಡ್, ಅಂದರೆ ಗಾಡಿಯ ಭಾರ ಹೊರುವ ಲೋಹದ ಸ್ಟ್ಯಾಂಡ್ ಕೊಡಿ. ಗಾಡಿ ಹಿಂದೆ ಮುಂದೆ ಒಂದೇ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಆಯಿಲ್ ಮಟ್ಟ ತಪ್ಪಾಗುತ್ತದೆ. ಸ್ಟ್ಯಾಂಡ್ ಇಲ್ಲವಾ? ಗುಂಡಿ ಅಥವಾ ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಒಂದು ಗಂಟೆ ಜಾಗ ಕೇಳಿ.

[ದೃಶ್ಯ: ಗಾಡಿಯ ಕೆಳಭಾಗ. ಟಾರ್ಚ್ ಬೆಳಕು.]

ಗೇರ್‌ಬಾಕ್ಸ್ ಯಾವುದು ಅಂತ ಗೊಂದಲವಾದರೆ, ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಹಿಡಿದು ಒಳಗೆ ಹೋಗಿ. ಎರಡೂ ಶಾಫ್ಟ್ ಬಂದು ಸೇರುವ ಅಲ್ಯೂಮಿನಿಯಂ ಡಬ್ಬಿಯೇ ಗೇರ್‌ಬಾಕ್ಸ್. ಇದನ್ನು ಖಚಿತ ಮಾಡಿಕೊಳ್ಳದೆ ಎಂಜಿನ್ ಆಯಿಲ್ ಇಳಿಸಿಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ಕೆಳಗಿನದು ಆಯಿಲ್ ಇಳಿಸುವ ಡ್ರೈನ್ ಬೋಲ್ಟ್, ಬದಿಯಲ್ಲಿ ಮೇಲಿರುವುದು ಆಯಿಲ್ ತುಂಬಿಸುವ ಫಿಲ್ಲರ್ ಬೋಲ್ಟ್. ಇಡೀ ವಿಡಿಯೋದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಮೊದಲು ಮೇಲಿನ ಬೋಲ್ಟ್ ಸಡಿಲ ಮಾಡಿ. ಅದು ತುಕ್ಕು ಹಿಡಿದು ಕೂತಿದ್ದರೆ? ಆಗ ಹಳೇ ಆಯಿಲ್ ಒಳಗೇ ಇದೆ, ಗಾಡಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು. ಕೆಳಗಿನದನ್ನು ಮೊದಲು ಬಿಚ್ಚಿದ್ದರೆ ಆಯಿಲ್ಲೂ ಇಲ್ಲ, ತುಂಬಿಸಲು ದಾರಿಯೂ ಇಲ್ಲ. ನನ್ನ ಸ್ನೇಹಿತನೊಬ್ಬ ಹೀಗೇ ಆಗಿ ಗಾಡಿಯನ್ನು ಟೋಯಿಂಗ್ ಮಾಡಿಸಿದ.

ಮೇಲಿನದು ಬಂತಾ? ಹಾಗಾದರೆ ಟ್ರೇ ಇಟ್ಟು ಕೆಳಗಿನದು ಬಿಚ್ಚಿ. ಘಾಟು ವಾಸನೆ ಬರುತ್ತದೆ, ಗೇರ್ ಆಯಿಲ್ ವಾಸನೆಯೇ ಹಾಗೆ.

[ದೃಶ್ಯ: ಡ್ರೈನ್ ಬೋಲ್ಟ್ ತುದಿ, ಬೆರಳ ಮೇಲೆ ಬೂದು ಬಣ್ಣ.]

ಬೋಲ್ಟ್ ತುದಿ ನೋಡಿ. ಸಾಕಷ್ಟು ಗಾಡಿಗಳಲ್ಲಿ ಅಲ್ಲೊಂದು ಆಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ, ವಿಭೂತಿ ಕಲಸಿದಂಥ ನುಣುಪು ಪೇಸ್ಟ್ ಅಂಟಿದ್ದರೆ ಗಾಬರಿ ಬೇಡ, ಅದು ಸಹಜ ಸವೆತ. ಬೆರಳ ನಡುವೆ ತಿಕ್ಕಿ ನೋಡಿ. ಚೂರು ಚುಚ್ಚಿದರೆ, ಗೇರ್ ಹಲ್ಲಿನ ತುಂಡು ಕಂಡರೆ, ಮೆಕ್ಯಾನಿಕ್‌ಗೆ ತೋರಿಸಿ.

ಆಯಿಲ್ ಹನಿ ಹನಿಯಾಗುವ ತನಕ ಬಿಡಿ. ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಗೇರ್‌ಬಾಕ್ಸ್ ಅಲ್ಯೂಮಿನಿಯಂ, ಮೈ ಭಾರ ಹಾಕಿ ಬಿಗಿದರೆ ತೂತಿನ ಒಳಗಿನ ಮರೆ (ಥ್ರೆಡ್) ಕಿತ್ತು ಹೋಗುತ್ತದೆ.

ಈಗ ಮೇಲಿನ ತೂತಿಗೆ ಪೈಪು, ಪೈಪಿಗೆ ಆಲಿಕೆ. ನಿಧಾನಕ್ಕೆ ಸುರಿಯಿರಿ. ತೂತಿನ ಕೆಳ ಅಂಚಿನಿಂದ ಆಯಿಲ್ ಹೊರಗೆ ಇಳಿಯಲು ಶುರುವಾದರೆ ಸಾಕು, ನಿಲ್ಲಿಸಿ. ಆ ಎಳೆ ನಿಂತ ಮೇಲೆ ಬೋಲ್ಟ್ ಹಾಕಿ.

ಹಳೇ ಆಯಿಲ್ ಡಬ್ಬಿಗೆ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಮೋರಿಗೆ ಮಾತ್ರ ಸುರಿಯಬೇಡಿ.

ಒಂದು ಸುತ್ತು ಓಡಿಸಿ ಬಂದು, ರಾತ್ರಿ ಗಾಡಿ ಕೆಳಗೆ ಹಳೇ ಪೇಪರ್ ಹಾಸಿಟ್ಟು, ನೀವು ಮನೆಯೊಳಗೆ ಹೋಗಿ ಮಲಗಿ. ಬೆಳಗ್ಗೆ ಪೇಪರ್ ಮೇಲೆ ಆಯಿಲ್ ಬಿದ್ದಿಲ್ಲದಿದ್ದರೆ, ಎಷ್ಟು ಕಿಲೋಮೀಟರ್ ಓಡಿದಾಗ ಆಯಿಲ್ ಬದಲಾಯಿಸಿದಿರಿ ಅಂತ ಬರೆದಿಟ್ಟುಕೊಳ್ಳಿ. ಒಂದು ಹನಿ ಬಿದ್ದಿದ್ದರೆ, ಯಾವ ಬೋಲ್ಟ್‌ನಿಂದ ಅಂತ ನೋಡಿ ಕಮೆಂಟ್‌ನಲ್ಲಿ ಹೇಳಿ, ಒಟ್ಟಿಗೆ ಸರಿ ಮಾಡೋಣ.