ಏರು ಹತ್ತುವಾಗ ಹಿಡಿಯುವ ಮೀನಖಂಡ

ಕೇಳುಗರೆಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ದಿಬ್ಬದ ಮೇಲಿದ್ದು ಅಡಿಕೆ ತೋಟ ಕೆಳಗಿರುವುದು ಸಾಮಾನ್ಯ. ತೋಟದಿಂದ ಮನೆಗೆ ಏರು ಹತ್ತುವಾಗ ಅರ್ಧ ದಾರಿಯಲ್ಲಿ ಮೀನಖಂಡ ಬಿಗಿದು ಹಿಡಿದು, ಕೆಲವು ನಿಮಿಷ ನಿಂತರೆ ನೋವು ತಾನಾಗಿ ಇಳಿದು, ಮತ್ತೆ ಅಷ್ಟೇ ದೂರ ನಡೆದೊಡನೆ ಪುನಃ ಹಿಡಿಯುವುದಾದರೆ, ಅದನ್ನು ವಾಯುವೆಂದೋ ವಯಸ್ಸೆಂದೋ ತಳ್ಳಿಹಾಕಬಾರದು. ಕಾಲಿಗೆ ಶುದ್ಧರಕ್ತವನ್ನು ಒಯ್ಯುವ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗಿರುವುದರ ಸೂಚನೆ ಅದಾಗಿರಬಹುದು. ವೈದ್ಯರು ಇದನ್ನು ಪೆರಿಫೆರಲ್ ಆರ್ಟರಿ ಡಿಸೀಸ್ ಎನ್ನುತ್ತಾರೆ. ಸಮತಟ್ಟಿನಲ್ಲಿ ಬೇಡುವುದಕ್ಕಿಂತ ಹೆಚ್ಚು ರಕ್ತವನ್ನು ಸ್ನಾಯುಗಳು ಏರಿನಲ್ಲಿ ಬೇಡುವುದರಿಂದ, ನಮ್ಮ ಗುಡ್ಡದ ಕಾಲುದಾರಿಗಳಲ್ಲಿ ಈ ಕೊರತೆ ಬೇಗ ಗೊತ್ತಾಗುತ್ತದೆ.

ರಕ್ತನಾಳಕ್ಕೂ ನರ, ಸಂವೇದನೆಯ ತಂತುವಿಗೂ ನರ ಎನ್ನುವ ನಮ್ಮ ರೂಢಿಯಿಂದ ಇಲ್ಲಿ ಗೊಂದಲವಾಗುತ್ತದೆ. ಕಾಲಿನ ಮೇಲೆ ಉಬ್ಬಿ ಕಾಣುವ ನೀಲಿ ನರಗಳ ತೊಂದರೆ ಬೇರೆ, ಸೊಂಟದಿಂದ ಇಳಿಯುವ ಸೆಳೆತ ಬೇರೆ. ಬೆನ್ನುಮೂಳೆಯ ತೊಂದರೆಯಿಂದ ಬರುವ ನೋವು ಸಾಮಾನ್ಯವಾಗಿ ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಇಳಿಯುತ್ತದೆ. ಅಪಧಮನಿಯ ನೋವಿಗೆ ಸುಮ್ಮನೆ ನಿಂತರೂ ಸಾಕು. ಪರೀಕ್ಷಿಸಿಕೊಳ್ಳದೆ, ಉಬ್ಬಿದ ನರದ ತೊಂದರೆಯೆಂದುಕೊಂಡು ಬಿಗಿಯಾದ ಕಾಲುಚೀಲ ಹಾಕಿಕೊಂಡರೆ, ಮೊದಲೇ ಕಡಿಮೆಯಾದ ರಕ್ತಸಂಚಾರ ಇನ್ನಷ್ಟು ಕುಗ್ಗಬಹುದು.

ಪರೀಕ್ಷೆ ಸರಳ. ಕಾಲಿನ ಹರಡಿನಲ್ಲಿಯೂ ತೋಳಿನಲ್ಲಿಯೂ ರಕ್ತದೊತ್ತಡ ಅಳೆದು, ಹರಡಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸುತ್ತಾರೆ. ಫಲಿತಾಂಶ 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಇದೆಯೆಂದು ಅರ್ಥ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ನಾಳಗಳು ಗಡುಸಾದವರಲ್ಲಿ ಈ ಅಂಕಿ 1.40ನ್ನು ಮೀರಿ ದಾರಿ ತಪ್ಪಿಸುವುದುಂಟು. ಆಗ ಕಾಲ್ಬೆರಳಿನ ಒತ್ತಡ ನೋಡಬೇಕಾಗುತ್ತದೆ.

ಕಾರಣಗಳಲ್ಲಿ ಮೊದಲು ನಿಲ್ಲುವುದು ಹೊಗೆಸೊಪ್ಪು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಅದರ ಜೊತೆಗೂಡುತ್ತವೆ. ಬೀಡಿ ಬಿಟ್ಟು ಎಲೆಯಡಿಕೆಯ ಜೊತೆ ಹೊಗೆಸೊಪ್ಪಿನ ಎಸಳು ಹಾಕಿಕೊಳ್ಳುವವರು ಹೊಗೆಸೊಪ್ಪನ್ನು ಬಿಟ್ಟಂತಲ್ಲ. ಕಾಲಿನಲ್ಲಿ ಕಟ್ಟಿದ ಕೊಬ್ಬು ಹೃದಯ ಮತ್ತು ಮಿದುಳಿನ ನಾಳಗಳಲ್ಲೂ ಇರುವ ಸಂಭವ ಹೆಚ್ಚು. ಆದ್ದರಿಂದಲೇ ಕಾಲುನೋವಿಗೆಂದು ಹೋದವರಿಗೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಬರೆದುಕೊಡುತ್ತಾರೆ. ನೋವು ಕಡಿಮೆಯಾಯಿತೆಂದು ಇವನ್ನು ತಾವೇ ನಿಲ್ಲಿಸುವಂತಿಲ್ಲ.

ನೋವಿರುವ ಕಾಲಿಗೆ ವಿಶ್ರಾಂತಿ ಬೇಕೆಂದು ಮನೆಯವರು ಜಗುಲಿಯಲ್ಲಿ ಕೂರಿಸುವುದು ಪ್ರೀತಿಯಿಂದಲೇ ಇರಬಹುದು, ಆದರೆ ಈ ಕಾಯಿಲೆಗೆ ನಡಿಗೆಯೇ ಔಷಧ. ವೈದ್ಯರ ಒಪ್ಪಿಗೆ ಪಡೆದು, ನೋವು ಸಾಕಷ್ಟು ಆಗುವವರೆಗೆ ನಡೆದು, ನಿಂತು, ಇಳಿದ ಮೇಲೆ ಮತ್ತೆ ನಡೆಯುತ್ತ, ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, 12 ವಾರ ಸಾಧಿಸಿದರೆ ನೋವಿಲ್ಲದೆ ಕ್ರಮಿಸುವ ದೂರ ಸಾಮಾನ್ಯವಾಗಿ ಹೆಚ್ಚುತ್ತದೆ. ಇಷ್ಟು ಸಾಕಾಗದವರಿಗೆ ಬಲೂನಿನಿಂದ ನಾಳ ಹಿಗ್ಗಿಸುವ ಅಥವಾ ಬೈಪಾಸ್ ಮಾಡುವ ಚಿಕಿತ್ಸೆಗಳಿವೆ.

ಮಳೆಗಾಲದಲ್ಲಿ ಪಾದದ ಕಡೆ ವಿಶೇಷ ಗಮನವಿರಲಿ. ಉಂಬಳ ಕಚ್ಚಿದ ಗಾಯವಾಗಲಿ, ಮುಳ್ಳು ಗೀರಿದ ಗುರುತಾಗಲಿ 2 ವಾರದಲ್ಲಿ ಮಾಯದಿದ್ದರೆ ತೋರಿಸಬೇಕು. ಚಳಿಯೆಂದು ಬಚ್ಚಲ ಒಲೆಯ ಮುಂದೆ ಕಾಲು ಚಾಚುವವರು, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕುಂದಿದ್ದರೆ, ಸುಟ್ಟದ್ದೂ ಅರಿಯದೆ ಕುಳಿತಿರುತ್ತಾರೆ. ಅವರಿಗೆ ಉಣ್ಣೆಯ ಸಡಿಲ ಕಾಲುಚೀಲ ಲೇಸು. ರಾತ್ರಿ ಮಲಗಿದಾಗ ಪಾದ ನೋಯ್ದು, ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಸಮಾಧಾನವಾಗುತ್ತಿದ್ದರೆ ಕಾಯಿಲೆ ಮುಂದುವರಿದಿದೆಯೆಂದೇ ತಿಳಿಯಬೇಕು.

ಒಂದು ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿ, ತೀವ್ರವಾಗಿ ನೋಯ್ದು, ಜೋಮು ಹಿಡಿದರೆ ಎಣ್ಣೆ ತಿಕ್ಕುವುದಾಗಲಿ ಶಾಖ ಕೊಡುವುದಾಗಲಿ ಬೇಡ. ಕಾಲು ಉಳಿಯುವುದು ಗಂಟೆಗಳ ಲೆಕ್ಕದಲ್ಲಿ. ಘಟ್ಟದ ದಾರಿ ದೂರವೆಂದು ಬೆಳಗಿನ ಮೊದಲ ಬಸ್ಸಿಗೆ ಕಾಯದೆ, ಆ ಕ್ಷಣವೇ 108ಕ್ಕೆ ಕರೆ ಮಾಡಿ.