2147483647: ಬೆರಗು ಎಲ್ಲಿದೆ?

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷದ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. ಅಂಕಿಯಲ್ಲಿ 2147483647. ಮೂವತ್ತೊಂದು ಎರಡುಗಳನ್ನು ಗುಣಿಸುತ್ತಾ ಹೋಗಿ, ಕೊನೆಗೆ ಒಂದು ಕಳೆಯಿರಿ. ಇದು ಸಿಗುತ್ತದೆ.

ಈ ಸಂಖ್ಯೆ ಅವಿಭಾಜ್ಯ (1 ಮತ್ತು ತಾನು ಬಿಟ್ಟರೆ ಬೇರೆ ಯಾವ ಸಂಖ್ಯೆಯೂ ಶೇಷವಿಲ್ಲದೆ ಭಾಗಿಸದ್ದು), ಮತ್ತು ಕಂಪ್ಯೂಟರಿನ ಒಳಗೂ ಇದೇ ಇದೆ, ಎಂಥ ಅದ್ಭುತ ಅಂತ ಜನ ಒಟ್ಟಿಗೇ ಹೇಳಿಬಿಡುತ್ತಾರೆ. ಎರಡೂ ಮಾತು ನಿಜ. ಆದರೆ ಅವಕ್ಕೆ ಗಂಟು ಹಾಕಬಾರದು ಅನ್ನೋದು ನನ್ನ ವಾದ.

ಮೊದಲು ಕಂಪ್ಯೂಟರ್. 32 ಬಿಟ್ (ಅಂದ್ರೆ 0 ಅಥವಾ 1 ಹಿಡಿಯುವ 32 ಮನೆಗಳ) ಜಾಗದಲ್ಲಿ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಹೇಳುವುದಕ್ಕೆ ಹೋಗುತ್ತದೆ. ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದು. ಹಳೆಯ ಸಿಸ್ಟಮ್‌ಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದಿವೆ. ಅವುಗಳ ಲೆಕ್ಕ 2038ರ ಜನವರಿ 19ರಂದು, ನಮ್ಮ ಸಮಯ ಬೆಳಗ್ಗೆ 8:44:07ಕ್ಕೆ ಇಲ್ಲಿಗೆ ಮುಟ್ಟುತ್ತದೆ. ಮುಂದಿನ ಸೆಕೆಂಡಿಗೆ ಸರಿಪಡಿಸದ ಯಂತ್ರ 1901ಕ್ಕೆ ಜಾರುತ್ತದೆ. ಅವಿಭಾಜ್ಯ ಆಗಿರುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 16 ಬಿಟ್‌ನ ಕೊನೆ 32767. ಅದನ್ನು 7 ಭಾಗಿಸುತ್ತದೆ. 64 ಬಿಟ್‌ನ ಕೊನೆಯ ಸಂಖ್ಯೆಯನ್ನೂ 7 ಭಾಗಿಸುತ್ತದೆ. ಅದರಿಂದ ಯಾವ ಯಂತ್ರಕ್ಕೂ ತೊಂದರೆ ಆಗಿಲ್ಲ, ಅಲ್ವಾ?

ನಿಜವಾದ ಬೆರಗು ಗಣಿತಜ್ಞ ಆಯ್ಲರ್ ಹತ್ತಿರ ಇದೆ. 1772ರ ಹೊತ್ತಿಗೆ ಅವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಈ ಸಂಖ್ಯೆ ಅವಿಭಾಜ್ಯ ಅಂತ ತೋರಿಸಬೇಕಾದರೆ ವರ್ಗಮೂಲದವರೆಗೆ, ಅಂದ್ರೆ 46340ರವರೆಗೆ, ಯಾವ ಅವಿಭಾಜ್ಯವೂ ಇದನ್ನು ಭಾಗಿಸುವುದಿಲ್ಲ ಅಂತ ನೋಡಬೇಕು. ಅವು ನಾಲ್ಕು ಸಾವಿರಕ್ಕೂ ಜಾಸ್ತಿ. ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಕೂರಲಿಲ್ಲ ಆಯ್ಲರ್. ಇದನ್ನು ಭಾಗಿಸುವ ಅವಿಭಾಜ್ಯ ಇದ್ದರೆ, ಅದನ್ನು 62ರಿಂದ ಭಾಗಿಸಿದಾಗ 1 ಉಳಿಯಲೇಬೇಕು. 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವವು ಮಾತ್ರ ಕಣದಲ್ಲಿರುತ್ತವೆ. ಅಂಥ ಸಂಖ್ಯೆಗಳು ಸುಮಾರು 370. ಅವುಗಳಲ್ಲೂ ಎಷ್ಟೋ ಅವಿಭಾಜ್ಯಗಳೇ ಅಲ್ಲ! ಬೆಟ್ಟದಷ್ಟಿದ್ದ ಕೆಲಸ ಕೈಯಳತೆಗೆ ಬಂತು. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಎರಡುಗಳನ್ನು ಗುಣಿಸಿ ಒಂದು ಕಳೆದಾಗ ಸಿಗುವ ಇಂಥ ಒಂದೊಂದು ಅವಿಭಾಜ್ಯದಿಂದಲೂ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ. 2147483647ರಿಂದ ಹುಟ್ಟುವುದಕ್ಕೆ 19 ಅಂಕಿ. ಪರಿಪೂರ್ಣ ಅಂದ್ರೆ 6 ಇದ್ದ ಹಾಗೆ: ತನ್ನನ್ನು ಬಿಟ್ಟು ಅದರ ಭಾಜಕಗಳಾದ 1, 2, 3 ಕೂಡಿದರೆ 6. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಬಹುಶಃ ಯಾರೂ ಕಂಡುಹಿಡಿಯಲಾರರು ಅಂತ ಬರೆದರು. ಇವು ಬರೀ ಕುತೂಹಲದ ವಸ್ತು, ಉಪಯೋಗ ಇಲ್ಲ, ಹಾಗಾಗಿ ಯಾರೂ ಹುಡುಕಲು ಹೋಗುವುದಿಲ್ಲ ಅನ್ನೋದು ಅವರ ಕಾರಣ. ಆದರೆ 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಲೂಕಾ ಇದೇ ಬಗೆಯ, 39 ಅಂಕಿಗಳ ಅವಿಭಾಜ್ಯ ತೋರಿಸಿದರು. 2024ರಲ್ಲಿ ಸಿಕ್ಕಿದ ಇಂಥದೇ ಅವಿಭಾಜ್ಯಕ್ಕೆ 4,10,24,320 ಅಂಕಿ. ಹುಡುಕಿಸಿದ್ದು ಕುತೂಹಲವೇ.

ಉಪಯೋಗವೂ ಬಂತು, ಈ ಸಲ ಅವಿಭಾಜ್ಯ ಆಗಿರುವುದರಿಂದಲೇ. ಒಂದು ಸಂಖ್ಯೆ ತೆಗೆದುಕೊಳ್ಳಿ, 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. ಅದಕ್ಕೆ ಮತ್ತೆ ಹಾಗೇ ಮಾಡಿ. 1ರಿಂದ 2147483646ರವರೆಗಿನ ಪ್ರತಿ ಸಂಖ್ಯೆಯೂ ಬಂದು ಹೋದ ಮೇಲೆಯೇ ಸುತ್ತು ಮತ್ತೆ ಶುರುವಾಗುತ್ತದೆ. ಯದ್ವಾತದ್ವಾ ಸಂಖ್ಯೆಗಳು ಬೇಕಾದಾಗ ಪ್ರೋಗ್ರಾಮರುಗಳು ಇದನ್ನು ವರ್ಷಗಟ್ಟಲೆ ಬಳಸಿದ್ದಾರೆ. ಸಿ ಪ್ಲಸ್ ಪ್ಲಸ್ ಭಾಷೆಯ ಜೊತೆ ಇವತ್ತಿಗೂ ಸಿಗುತ್ತದೆ. ಇಲ್ಲಿ ಅವಿಭಾಜ್ಯವಲ್ಲದ ಸಂಖ್ಯೆ ಇಟ್ಟಿದ್ದರೆ ಅಷ್ಟು ಉದ್ದದ ಸುತ್ತು ಸಿಗುತ್ತಿರಲಿಲ್ಲ.